ಬರೀ ಹೈಡ್ರೋಜನ್ ಬರುತ್ತಿದೆಯಾ? ಸಿಓಟು ಸೆಲ್ಲಿನ ದೋಷ ಹುಡುಕುವ ಬಗೆ

ಕಾರ್ಬನ್ ಡೈಆಕ್ಸೈಡನ್ನು (ಸಿಓಟು) ಕರೆಂಟಿನಿಂದ ಇಂಧನ ಮಾಡುವ ಸೆಲ್ ಕೈಕೊಟ್ಟಾಗ ಎಲ್ಲರೂ ಮೊದಲು ಬೈಯುವುದು ಕ್ಯಾಟಲಿಸ್ಟನ್ನು, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವನ್ನು. "ಅಕ್ಕ, ಇವತ್ತೂ ಬರೀ ಹೈಡ್ರೋಜನ್ನೇ. ಹೊಸ ಬ್ಯಾಚ್ ಮಾಡಿಬಿಡ್ಲಾ?" ಅಂತ ಲ್ಯಾಬಿನ ಹುಡುಗರು ಬಂದು ನಿಲ್ಲುತ್ತಾರೆ. ಬೇಡ. ಹೊಸ ಬ್ಯಾಚಿಗೆ ವಾರ ಹೋಗುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಗ್ಯಾಸು, ನೀರು, ರೆಫರೆನ್ಸ್ ಎಲೆಕ್ಟ್ರೋಡು (ವೋಲ್ಟ್ ಅಳೆಯಲು ಹೋಲಿಕೆಗೆ ಇಡುವ ಎಲೆಕ್ಟ್ರೋಡು), ನಮ್ಮ ಲೆಕ್ಕ, ಇಷ್ಟನ್ನೂ ನೋಡಿ ಮುಗಿಸಿದ ಮೇಲೆ ಕ್ಯಾಟಲಿಸ್ಟಿನ ಸರದಿ.

ಇದು ಮೈಸೂರಿನ ಲ್ಯಾಬಿನಲ್ಲಿ ಬಳಸುವ ಕ್ರಮ. ಊರಿನ ಹೆಸರು ಸುಮ್ನೆ ಹೇಳುತ್ತಿಲ್ಲ. ಈ ಊರಿನ ಎತ್ತರ ನಮ್ಮ ಲೆಕ್ಕದೊಳಗೆ ನುಸುಳುತ್ತದೆ, ಆ ವಿಷಯ ಕೆಳಗಿದೆ. ಸೆಟಪ್ ಸಾಮಾನ್ಯದ್ದೇ: ಎರಡು ಕೋಣೆಯ ಗಾಜಿನ ಸೆಲ್, ನಡುವೆ ಮೆಂಬ್ರೇನ್, 0.1 ಮೋಲಾರ್ ಪೊಟ್ಯಾಸಿಯಂ ಬೈಕಾರ್ಬನೇಟ್ ದ್ರಾವಣ, ಸಿಲ್ವರ್ ಕ್ಲೋರೈಡ್ ರೆಫರೆನ್ಸ್. ಹೊರಬರುವ ಗ್ಯಾಸ್ ನೇರ ಜಿಸಿಗೆ, ಅಂದರೆ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಹೋಗುತ್ತದೆ. ಫ್ಲೋ ಸೆಲ್ ಇಟ್ಟುಕೊಂಡವರಿಗೆ ಬೇರೆ ತಲೆನೋವುಗಳಿವೆ, ಅವನ್ನೂ ಬರೆದಿದ್ದೇನೆ.

ಮೊದಲು ಗೊತ್ತಿರುವ ಲೋಹ ಹಾಕಿ ನೋಡಿ

ಕ್ಯಾಥೋಡಿನ (ಎಲೆಕ್ಟ್ರಾನ್ ಕೊಡುವ ಎಲೆಕ್ಟ್ರೋಡು) ಮೇಲೆ ಎರಡು ಕ್ರಿಯೆಗಳ ನಡುವೆ ಪೈಪೋಟಿ ಇರುತ್ತದೆ. ಸಿಓಟು ಎಲೆಕ್ಟ್ರಾನ್ ತೆಗೆದುಕೊಳ್ಳಬೇಕು, ಇಲ್ಲವಾದರೆ ನೀರು ತೆಗೆದುಕೊಂಡು ಹೈಡ್ರೋಜನ್ ಆಗುತ್ತದೆ. ಸೆಲ್ಲಿನಲ್ಲಿ ಏನೇ ಎಡವಟ್ಟಾದರೂ ಗೆಲ್ಲುವುದು ನೀರೇ. ಹಾಗಾಗಿ "ಹೈಡ್ರೋಜನ್ ಜಾಸ್ತಿ" ಅನ್ನುವುದೊಂದರಿಂದ ಏನೂ ಗೊತ್ತಾಗುವುದಿಲ್ಲ.

ಸೆಲ್ ಸರಿ ಇದೆಯಾ ಅಂತ ತಿಳಿಯಲು ನಿಮ್ಮ ಕ್ಯಾಟಲಿಸ್ಟನ್ನು ಬದಿಗಿಟ್ಟು ಶುದ್ಧ ಬೆಳ್ಳಿಯ ಹಾಳೆ ಹಾಕಿ. ಬೆಳ್ಳಿಯ ಮೇಲೆ ಏನು ಬರಬೇಕು ಅಂತ ಎಲ್ಲರಿಗೂ ಗೊತ್ತಿದೆ. ಜಪಾನಿನ ಯೋಶಿಯೊ ಹೋರಿ ಮತ್ತು ಸಂಗಡಿಗರು 1985ರಲ್ಲಿ ತಾಮ್ರದ ಮೇಲೆ ಮೀಥೇನ್ ಬರುವುದನ್ನು ತೋರಿಸಿದರು. ಆಮೇಲೆ ಲೋಹಗಳನ್ನು ಒಂದೊಂದಾಗಿ ಅಳೆದು ಪಟ್ಟಿ ಮಾಡಿದರು. ಇದೇ 0.1 ಮೋಲಾರ್ ದ್ರಾವಣದಲ್ಲಿ, ಚದರ ಸೆಂಟಿಮೀಟರಿಗೆ 5 ಮಿಲಿಆಂಪಿಯರಿನಲ್ಲಿ ಬೆಳ್ಳಿ ಕರೆಂಟಿನ ಲೆಕ್ಕದಲ್ಲಿ ಶೇ. 80ರಷ್ಟು ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ಚಿನ್ನ ಇನ್ನೂ ಸ್ವಲ್ಪ ಜಾಸ್ತಿ. ತಾಮ್ರದಲ್ಲಿ ಮೀಥೇನ್ ಶೇ. 33, ಎಥಿಲೀನ್ ಶೇ. 25, ಹೈಡ್ರೋಜನ್ ಶೇ. 20ರ ಆಸುಪಾಸು. ಪ್ಲಾಟಿನಂ, ಕಬ್ಬಿಣ, ನಿಕ್ಕಲ್ ಹೆಚ್ಚುಕಡಿಮೆ ಪೂರ್ತಿ ಹೈಡ್ರೋಜನ್ನೇ.

ಬೆಳ್ಳಿಯಲ್ಲಿ ಮಾನಾಕ್ಸೈಡ್ ಚೆನ್ನಾಗಿ ಬಂದರೆ ಸೆಲ್ ಸರಿ ಇದೆ, ಕ್ಯಾಟಲಿಸ್ಟಿನ ಭಾಗಕ್ಕೆ ಹೋಗಿ. ಬೆಳ್ಳಿಯಲ್ಲೂ ಬರೀ ಹೈಡ್ರೋಜನ್ ಬಂದರೆ ಮುಂದೆ ಓದಿ. ಅಂದಹಾಗೆ, ಅಶೋಕ ರಸ್ತೆಯ ಬೆಳ್ಳಿ ಅಂಗಡಿಯಿಂದ ತಗಡು ತಂದು ಈ ಪರೀಕ್ಷೆ ಮಾಡಬೇಡಿ. ಒಡವೆ ಮಾಡುವ 92.5ರ ಬೆಳ್ಳಿಯಲ್ಲಿ ಮಿಕ್ಕಿದ್ದು ಸಾಮಾನ್ಯವಾಗಿ ತಾಮ್ರ.

ಗ್ಯಾಸು ನಿಜವಾಗಿ ದ್ರಾವಣಕ್ಕೆ ಸೇರುತ್ತಿದೆಯಾ?

ಇದನ್ನು ಪಿಎಚ್ ಮೀಟರ್ ಒಂದೇ ಹೇಳಿಬಿಡುತ್ತದೆ. 0.1 ಮೋಲಾರ್ ಬೈಕಾರ್ಬನೇಟಿಗೆ ಸಿಓಟು ತುಂಬಿದರೆ ಪಿಎಚ್ 6.8ಕ್ಕೆ ಇಳಿಯಬೇಕು. 8.3 ಅಥವಾ ಅದಕ್ಕಿಂತ ಮೇಲೆ ನಿಂತಿದ್ದರೆ ಗ್ಯಾಸ್ ಒಳಗೆ ಹೋಗಿಲ್ಲ. ಪೈಪು ಜಾರಿರಬಹುದು, ಮುಚ್ಚಳದ ರಬ್ಬರು ಸಡಿಲವಾಗಿರಬಹುದು, ಸಿಲಿಂಡರ್ ಖಾಲಿಯಾಗಿರಬಹುದು.

ಸಿಲಿಂಡರಿನ ಗೇಜನ್ನು ನಂಬಬೇಡಿ. ಒಳಗೆ ಸಿಓಟು ದ್ರವವಾಗಿರುತ್ತದೆ. 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್. ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಲ್ಲುತ್ತದೆ, ದ್ರವ ಮುಗಿದ ಕೂಡಲೇ ಸರ್ರನೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಕೋಣೆ 31 ಡಿಗ್ರಿ ದಾಟಿದರೆ ಒಳಗೆ ದ್ರವ, ಅನಿಲ ಅಂತ ಬೇರೆ ಬೇರೆ ಇರುವುದೇ ಇಲ್ಲ, ಗೇಜಿನ ಅರ್ಥವೂ ಬದಲಾಗುತ್ತದೆ. ಎಷ್ಟು ಉಳಿದಿದೆ ಅಂತ ಗೊತ್ತಾಗಬೇಕಾದರೆ ಸಿಲಿಂಡರನ್ನು ತೂಗಬೇಕು.

ಸೋರಿಕೆ ಪತ್ತೆಗೆ ಜಿಸಿಯಲ್ಲಿ ನೈಟ್ರೋಜನ್ ಪೀಕ್ (ಗ್ರಾಫಿನಲ್ಲಿ ಏಳುವ ಮೊನೆ) ನೋಡಿ. ಅದು ಕಂಡರೆ ಹೊರಗಿನ ಗಾಳಿ ಒಳಗೆ ಬರುತ್ತಿದೆ. ಗಾಳಿಯ ಆಕ್ಸಿಜನ್ ಕ್ಯಾಥೋಡಿನಲ್ಲಿ ಎಲೆಕ್ಟ್ರಾನ್ ತಿಂದು ನೀರಾಗುತ್ತದೆ. ಆ ಕರೆಂಟು ಯಾವ ಪೀಕಿನಲ್ಲೂ ಕಾಣುವುದಿಲ್ಲ, ಸುಮ್ನೆ ಮಾಯ.

ಮಂಡ್ಯ ಕಡೆಯವರು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ: ಕಾಕಂಬಿ ಹುದುಗಿಸುವಾಗ ಬರುವ ಗ್ಯಾಸನ್ನೇ ಬಳಸಬಹುದಲ್ವಾ? ಬಳಸಬಹುದು, ಒಳ್ಳೆಯ ಯೋಚನೆಯೇ. ಒಂದು ಗ್ಲೂಕೋಸ್ ಅಣುವಿನಿಂದ ಎರಡು ಎಥನಾಲ್, ಎರಡು ಸಿಓಟು ಬರುತ್ತವೆ. ಬಾಯ್ಲರ್ ಹೊಗೆಗೆ ಹೋಲಿಸಿದರೆ ಆ ಗ್ಯಾಸ್ ಎಷ್ಟೋ ಸಾಂದ್ರ. ಆದರೆ ಅದರ ಜೊತೆ ಎಥನಾಲ್ ಆವಿ ಬರುತ್ತದೆ, ಗಂಧಕದ ಸಂಯುಕ್ತಗಳೂ ಬರಬಹುದು. ಗಂಧಕ ತಾಮ್ರದ ಮೇಲ್ಮೈಗೆ ಅಂಟಿದರೆ ಎಥಿಲೀನ್ ಬದಲು ಫಾರ್ಮೇಟ್ (ಫಾರ್ಮಿಕ್ ಆಮ್ಲದ ಲವಣ) ಬರತೊಡಗುತ್ತದೆ. ನೀರಿನಲ್ಲಿ ತೊಳೆದು, ಇದ್ದಿಲ ಪದರ ಹಾಯಿಸಿಯೇ ಸೆಲ್ಲಿಗೆ ಬಿಡಿ. ಎಥನಾಲ್ ನಿಮ್ಮ ಗುರಿಯಾಗಿದ್ದರೆ ಇನ್ನೂ ಹುಷಾರು.

ಮೊದಲು ಚೆನ್ನಾಗಿತ್ತು, ಆಮೇಲೆ ಕೆಟ್ಟಿತು

ಶುರುವಿನಲ್ಲಿ ಎಥಿಲೀನ್ ಇತ್ತು, ಗಂಟೆಯೊಳಗೆ ಹೈಡ್ರೋಜನ್ ಏರಿತು, ತಾಮ್ರದ ಹಾಳೆ ಹೊರತೆಗೆದರೆ ಕೆಂಪು ಹೋಗಿ ಬೂದು ಮಂಕು. ಈ ಮೂರೂ ಒಟ್ಟಿಗೆ ಕಂಡರೆ ನೂರಕ್ಕೆ ತೊಂಬತ್ತು ಪಾಲು ದ್ರಾವಣದಲ್ಲಿ ಬೇಡದ ಲೋಹ ಇದೆ. ಕಬ್ಬಿಣ, ಸತು ಕೊಂಚ ಇದ್ದರೂ ಸಾಕು. ನಾವು ಕೊಡುವ ವೋಲ್ಟೇಜಿನಲ್ಲಿ ಅವು ನಿಧಾನವಾಗಿ ತಾಮ್ರದ ಮೇಲೆ ಲೇಪವಾಗುತ್ತವೆ. ಆಮೇಲೆ ಕೆಲಸ ಮಾಡುವುದು ತಾಮ್ರವಲ್ಲ, ಮೇಲೆ ಕೂತ ಕಬ್ಬಿಣ.

ಎಲ್ಲಿಂದ ಬರುತ್ತವೆ? ಬೈಕಾರ್ಬನೇಟ್ ಬಾಟಲಿಯ ಲೇಬಲ್ ಓದಿ, ಕಬ್ಬಿಣದ ಗರಿಷ್ಠ ಮಿತಿ ಅಲ್ಲೇ ಅಚ್ಚಾಗಿರುತ್ತದೆ. ನಲ್ಲಿ ನೀರಲ್ಲಿ ಬೀಕರ್ ತೊಳೆದು "ಕೊನೆಗೊಂದು ಸಲ ಒಳ್ಳೆ ನೀರು" ಹಾಕುವ ಅಭ್ಯಾಸ ಬಿಡಿ. ಕಾವೇರಿ ನೀರು ಕುಡಿಯಲು ಚೆನ್ನ, ಇಲ್ಲಿಗಲ್ಲ. ಬೋರ್‌ವೆಲ್ ನೀರಂತೂ ಸೆಲ್ಲಿನ ಹತ್ತಿರ ಸುಳಿಯಬಾರದು. 18.2 ಮೆಗಾಓಮ್ ನೀರೇ, ಅಂದರೆ ಲವಣ ತೆಗೆದ ಅತಿಶುದ್ಧ ನೀರೇ ಬೇಕು. ಸ್ಟೀಲ್ ಚಿಮಟದಿಂದ ಹಾಳೆ ಹಿಡಿಯುವುದು, ಮೊಸಳೆ ಕ್ಲಿಪ್ ದ್ರಾವಣಕ್ಕೆ ತಾಗುವಂತೆ ಸಿಕ್ಕಿಸುವುದು ಕೂಡ ಇದೇ ರೋಗಕ್ಕೆ ದಾರಿ. ಕ್ಲಿಪ್ಪಿನ ಹಲ್ಲಿನಲ್ಲಿ ಹಸಿರು ಕಿಲುಬು ಕಂಡರೆ ಅದು ಈಗಾಗಲೇ ದ್ರಾವಣ ಮುಟ್ಟಿದೆ ಅಂತಲೇ ಲೆಕ್ಕ.

ಪ್ಲಾಟಿನಂ ಆನೋಡ್ (ಎದುರು ಕೋಣೆಯ ಎಲೆಕ್ಟ್ರೋಡು) ಇಟ್ಟುಕೊಂಡವರು ಇನ್ನೊಂದು ನೋಡಬೇಕು. ಪ್ಲಾಟಿನಂ ಸ್ವಲ್ಪ ಸ್ವಲ್ಪ ಕರಗಿ ಕ್ಯಾಥೋಡಿಗೆ ಬಂದು ಕೂರುತ್ತದೆ. ಪ್ಲಾಟಿನಂಗಿಂತ ಸಲೀಸಾಗಿ ಹೈಡ್ರೋಜನ್ ಬಿಡುವ ಲೋಹ ಇಲ್ಲ. ನಡುವೆ ಮೆಂಬ್ರೇನ್ ಇಡಿ, ಅಥವಾ ಗ್ರಾಫೈಟ್ ಬಳಸಿ. ಗ್ರಾಫೈಟಿಗೂ ಮೆಂಬ್ರೇನ್ ಬೇಕೇ ಬೇಕು, ಅದು ಆನೋಡಿನಲ್ಲಿ ತಾನೇ ಸವೆದು ಇಂಗಾಲದ ಅನಿಲ ಬಿಡುತ್ತದೆ.

ಖಚಿತ ಮಾಡಿಕೊಳ್ಳಲು ಅದೇ ದ್ರಾವಣವನ್ನು ಚೆಲೇಟಿಂಗ್ ರೆಸಿನ್ (ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ರಾಳ) ಮೂಲಕ ಹಾಯಿಸಿ, ಇಲ್ಲವೇ ಇನ್ನೊಂದು ಎಲೆಕ್ಟ್ರೋಡ್ ಇಟ್ಟು ರಾತ್ರಿಯಿಡೀ ಸಣ್ಣ ಕರೆಂಟ್ ಹರಿಸಿ ಲೋಹಗಳನ್ನು ಅದರ ಮೇಲೆ ಇಳಿಸಿ. ಆಮೇಲೆ ಹೊಸ ತಾಮ್ರ ಹಾಕಿ. ಈ ಸಲ ಎಥಿಲೀನ್ ಹೊತ್ತು ಕಳೆದರೂ ನಿಂತರೆ ದೋಷ ಸಿಕ್ಕಿತು.

ಕೊಟ್ಟ ವೋಲ್ಟ್ ನಿಜವಾದ ವೋಲ್ಟಾ?

ತಾಮ್ರ ಸುಮಾರು ಮೈನಸ್ 0.8 ವೋಲ್ಟ್ ದಾಟುವವರೆಗೆ ಮೀಥೇನ್, ಎಥಿಲೀನ್ ಹೇಳಿಕೊಳ್ಳುವಷ್ಟು ಕೊಡುವುದಿಲ್ಲ. ಇದು ಆರ್‌ಎಚ್‌ಇ (ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆ ಅಂತ ಹಿಡಿಯುವ ಅಳತೆ) ಲೆಕ್ಕದಲ್ಲಿ. ಸಿಲ್ವರ್ ಕ್ಲೋರೈಡ್ ಅಳತೆಯನ್ನು ಆರ್‌ಎಚ್‌ಇಗೆ ತರಲು 0.197 ಕೂಡಿಸಿ, ಪಿಎಚ್ಚಿಗೆ 0.059 ಗುಣಿಸಿ ಅದನ್ನೂ ಕೂಡಿಸಬೇಕು. ಇದು ಒಳಗೆ ಸ್ಯಾಚುರೇಟೆಡ್ ಪೊಟ್ಯಾಸಿಯಂ ಕ್ಲೋರೈಡ್ ಇರುವ ಎಲೆಕ್ಟ್ರೋಡಿಗೆ. ಪಿಎಚ್ 6.8 ಇದ್ದರೆ ಒಟ್ಟು 0.6 ವೋಲ್ಟ್. ಅಂದರೆ ಮೀಟರಿನಲ್ಲಿ ಮೈನಸ್ 1.6 ಇದ್ದರೆ ನಿಜದ್ದು ಮೈನಸ್ 1.0.

ಅಷ್ಟಕ್ಕೇ ಮುಗಿಯಲಿಲ್ಲ. 0.1 ಮೋಲಾರ್ ದ್ರಾವಣ ಕರೆಂಟನ್ನು ಅಷ್ಟೇನೂ ಚೆನ್ನಾಗಿ ಸಾಗಿಸುವುದಿಲ್ಲ. ರೋಧ 40 ಓಮ್ ಇದ್ದು 10 ಮಿಲಿಆಂಪಿಯರ್ ಹರಿದರೆ 0.4 ವೋಲ್ಟ್ ದಾರಿಯಲ್ಲೇ ಖರ್ಚು. ಮೈನಸ್ 1.0 ಅಂದುಕೊಂಡದ್ದು ಎಲೆಕ್ಟ್ರೋಡಿಗೆ ಮುಟ್ಟುವಾಗ ಮೈನಸ್ 0.6. ಆ ವೋಲ್ಟಿನಲ್ಲಿ ತಾಮ್ರ ಹೈಡ್ರೋಜನ್ ಕೊಟ್ಟರೆ ಅದರ ತಪ್ಪೇನು? ಇಂಪಿಡೆನ್ಸ್ ಅಳೆದು ರೋಧವನ್ನು ಲೆಕ್ಕಕ್ಕೆ ಹಿಡಿಯಿರಿ.

ರೆಫರೆನ್ಸ್ ಎಲೆಕ್ಟ್ರೋಡ್ ಒಂದನ್ನು ಯಾವ ಪ್ರಯೋಗಕ್ಕೂ ಹಾಕದೆ ಬರೀ ಹೋಲಿಸಲು ಎತ್ತಿಡಿ. ಕೆಲಸದ್ದನ್ನು ಅದರ ಪಕ್ಕ ಅದ್ದಿ ಮಲ್ಟಿಮೀಟರ್ ಹಿಡಿದರೆ ಕೆಲವೇ ಮಿಲಿವೋಲ್ಟ್ ತೋರಿಸಬೇಕು. ಹತ್ತಿಪ್ಪತ್ತು ತೋರಿಸಿದರೆ ಒಳಗಿನ ದ್ರಾವಣ ಬದಲಿಸಿ. ಓದು ಥರಗುಟ್ಟುತ್ತಿದ್ದರೆ ತುದಿಯಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡಿದೆ, ಥರ್ಮಾಮೀಟರ್ ಒದರುವ ಹಾಗೆ ಒಂದೆರಡು ಸಲ ಒದರಿ.

ಲೆಕ್ಕ ನೂರಕ್ಕೆ ಕೂಡುತ್ತಿಲ್ಲ

ಎಲ್ಲ ಉತ್ಪನ್ನಗಳ ಫ್ಯಾರಡೇ ದಕ್ಷತೆ (ಒಟ್ಟು ಕರೆಂಟಿನಲ್ಲಿ ಆ ಉತ್ಪನ್ನಕ್ಕೆ ಹೋದ ಶೇಕಡಾ ಪಾಲು) ಕೂಡಿದರೆ 100ರ ಹತ್ತಿರ ಬರಬೇಕು. ಸರಿಯಾಗಿ 100 ಬರಲೇಬೇಕು ಅಂತಿಲ್ಲ, ಹೋರಿಯವರ ಪಟ್ಟಿಯಲ್ಲೇ ತಾಮ್ರದ ಮೊತ್ತ 103.5. ಆದರೆ 75 ಅಥವಾ 118 ಬಂದರೆ ಎಲ್ಲೋ ಎಡವಿದ್ದೇವೆ.

ಜಾಸ್ತಿ ಬರುವುದರಿಂದ ಶುರುಮಾಡೋಣ, ಅಲ್ಲೇ ಮೈಸೂರಿನ ಎತ್ತರ ಬರುವುದು. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಮಂಡ್ಯ ಸುಮಾರು 680. ಮೈಸೂರಿನಲ್ಲಿ ಗಾಳಿಯ ಒತ್ತಡ 924 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಸಮುದ್ರ ಮಟ್ಟದ್ದು 1013. ಸೋಪಿನ ಗುಳ್ಳೆಯ ಫ್ಲೋ ಮೀಟರಿನಲ್ಲಿ ನಿಮಿಷಕ್ಕೆ 20 ಮಿಲಿಲೀಟರ್ ಅಳೆದಿರಿ ಅಂತಿಟ್ಟುಕೊಳ್ಳಿ. ಕೋಣೆ 27 ಡಿಗ್ರಿ. ಈಗ ಅಭ್ಯಾಸಬಲದಿಂದ 22.4 ಲೀಟರಿಗೆ ಒಂದು ಮೋಲ್ ಅಂತ ಭಾಗಿಸಿದರೆ ಮೋಲುಗಳು ಶೇ. 20 ಜಾಸ್ತಿ ಬರುತ್ತವೆ. ಅರ್ಧ ತಪ್ಪು ಉಷ್ಣತೆಯದು, ಅರ್ಧ ಎತ್ತರದ್ದು. 25 ಡಿಗ್ರಿಗೆ ಸರಿಪಡಿಸಿ ಒತ್ತಡ ಮರೆತರೂ ಶೇ. 10ರಷ್ಟು ಉಳಿದೇ ಉಳಿಯುತ್ತದೆ.

ಉದಾಹರಣೆಗೆ ಜಿಸಿ 200 ಪಿಪಿಎಂ ಎಥಿಲೀನ್ ತೋರಿಸಿತು, ಒಟ್ಟು ಕರೆಂಟ್ 10 ಮಿಲಿಆಂಪಿಯರ್. ಒಂದು ಎಥಿಲೀನಿಗೆ 12 ಎಲೆಕ್ಟ್ರಾನ್. ಇಲ್ಲಿನ ಒತ್ತಡ, ಉಷ್ಣತೆ ಹಾಕಿದರೆ ಎಥಿಲೀನಿನ ಪಾಲು 2.86 ಮಿಲಿಆಂಪಿಯರ್, ದಕ್ಷತೆ ಶೇ. 29. 22.4 ಹಾಕಿದರೆ 3.44, ಅಂದರೆ ಶೇ. 34. ಕ್ಯಾಟಲಿಸ್ಟ್ ಸುಧಾರಿಸಿತು ಅಂತ ಹಬ್ಬ ಮಾಡಲು ಐದು ಪಾಯಿಂಟ್ ಸಾಕು! ಸೋಪಿನ ನೀರಿನ ಆವಿಯೂ ಅಳತೆಗೆ ಸೇರಿಕೊಳ್ಳುತ್ತದೆ, 27 ಡಿಗ್ರಿಯಲ್ಲಿ ಅದು ಇನ್ನೂ ಶೇ. 3ರಿಂದ 4.

ಮಾಸ್ ಫ್ಲೋ ಕಂಟ್ರೋಲರ್ ಇದ್ದರೆ ಒತ್ತಡದ ಗೊಡವೆ ಇಲ್ಲ. ಆದರೆ ಅದರ "ಸ್ಟ್ಯಾಂಡರ್ಡ್" 0 ಡಿಗ್ರಿಯದಾ, 20ರದಾ, 25ರದಾ ಅಂತ ಮ್ಯಾನ್ಯುಯಲ್ ನೋಡಿ. ಕಂಪನಿಯಿಂದ ಕಂಪನಿಗೆ ಬೇರೆ. 0 ಡಿಗ್ರಿಯ ಲೆಕ್ಕದಲ್ಲಿ 20 ಬಿಟ್ಟರೆ ಇಲ್ಲಿ ಗುಳ್ಳೆ ಮೀಟರ್ ಸುಮಾರು 24 ತೋರಿಸುತ್ತದೆ. ಎರಡೂ ಸರಿಯೇ, ಗಾಬರಿ ಬೇಡ.

ಜಿಸಿಯ ಸ್ಯಾಂಪಲ್ ಲೂಪ್ (ಅಳೆಯುವ ಗ್ಯಾಸ್ ತುಂಬುವ ಸಣ್ಣ ಕೊಳವೆ) ಕೂಡ ಇಲ್ಲಿನ ಒತ್ತಡದಲ್ಲೇ ತುಂಬುತ್ತದೆ. ಕರಾವಳಿಯ ಲ್ಯಾಬಿನಲ್ಲಿ ಮಾಡಿದ ಕ್ಯಾಲಿಬ್ರೇಶನ್ ತಂದು ಹಾಕಿದರೆ ಎಲ್ಲ ಪೀಕೂ ಶೇ. 9ರಷ್ಟು ಕಡಿಮೆ ಓದುತ್ತವೆ. ಆಗ ಫ್ಲೋ ತಪ್ಪು ಮೇಲಕ್ಕೆ, ಲೂಪ್ ತಪ್ಪು ಕೆಳಕ್ಕೆ ಹೋಗಿ ಮೊತ್ತ ಚೆಂದವಾಗಿ 100ರ ಹತ್ತಿರ ಕೂತುಬಿಡಬಹುದು. 118 ಬಂದರೆ ಯಾರಾದರೂ ಹುಡುಕುತ್ತಾರೆ. ಇದನ್ನು ಯಾರೂ ಹುಡುಕುವುದಿಲ್ಲ. ಕ್ಯಾಲಿಬ್ರೇಶನ್ ಗ್ಯಾಸನ್ನು ನಿಮ್ಮ ಮೇಜಿನ ಮೇಲೆಯೇ, ನಿಮ್ಮ ಜಿಸಿಗೇ ಹಾಯಿಸಿ.

ಮೊತ್ತ ಕಡಿಮೆ ಬಂದರೆ ಹೆಚ್ಚಾಗಿ ದ್ರವ ಉತ್ಪನ್ನ ಲೆಕ್ಕಕ್ಕೆ ಸಿಕ್ಕಿಲ್ಲ. 2012ರ ಒಂದು ಅಧ್ಯಯನದಲ್ಲಿ ತಾಮ್ರದ ಮೇಲೆ 16 ಬಗೆಯ ಉತ್ಪನ್ನ ಕಂಡಿದ್ದವು, ಬಹುಪಾಲು ದ್ರವಗಳೇ. ಫಾರ್ಮೇಟ್, ಋಣ ಅಯಾನುಗಳನ್ನು ಬಿಡುವ ಆನಯಾನ್ ಮೆಂಬ್ರೇನ್ ದಾಟಿ ಆನೋಡ್ ಕಡೆ ಹೋಗಿ ಅಲ್ಲಿ ಉರಿದುಹೋಗುವುದೂ ಉಂಟು. ಆ ಕಡೆಯ ದ್ರಾವಣವನ್ನೂ ಅಳೆಯಿರಿ. ಎಥನಾಲ್ ಹೊರಹೋಗುವ ಗ್ಯಾಸಿನ ಜೊತೆ ಹಾರುತ್ತದೆ, ಹೊರದಾರಿಯಲ್ಲಿ ತಣ್ಣೀರಿನ ಬಾಟಲಿ ಇಟ್ಟು ಹಿಡಿಯಿರಿ. ಜಿಸಿಯೊಳಗೆ ಸ್ಯಾಂಪಲ್ ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸ್ ಹೀಲಿಯಂ ಆದರೆ ಟಿಸಿಡಿ (ಉಷ್ಣವಾಹಕತೆ ಅಳೆಯುವ ಡಿಟೆಕ್ಟರ್) ಹೈಡ್ರೋಜನ್ನನ್ನು ಸರಿಯಾಗಿ ಗುರುತಿಸುವುದಿಲ್ಲ, ಆರ್ಗಾನ್ ಬಳಸಿ.

ಇಲ್ಲದ ಎಥನಾಲ್

ಎನ್‌ಎಂಆರ್‌ನಲ್ಲಿ (ದ್ರವದಲ್ಲಿರುವ ಅಣುಗಳನ್ನು ಗುರುತಿಸುವ ಯಂತ್ರ) 1.17ರ ಹತ್ತಿರ ಎಥನಾಲಿನ ಪೀಕ್ ಕಂಡ ಕೂಡಲೇ ಮೇಡಂಗೆ ಫೋನ್ ಮಾಡಬೇಡಿ. ಮೊದಲು ಎಲೆಕ್ಟ್ರೋಡಿಗೆ ಬಳಿದ ಕ್ಯಾಟಲಿಸ್ಟ್ ಇಂಕ್ ನೆನಪಿಸಿಕೊಳ್ಳಿ. ಕ್ಯಾಟಲಿಸ್ಟ್ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಲಸಿದ್ದೀರಿ. ಅಂಟಿಗೆ ಹಾಕಿದ ನಾಫಿಯಾನ್ ದ್ರಾವಣದಲ್ಲೂ ಆಲ್ಕೋಹಾಲ್ ಇರುತ್ತದೆ. ಪಾತ್ರೆ ತೊಳೆದ ಅಸಿಟೋನ್ 2.2ರಲ್ಲಿ ಹಲ್ಲು ತೋರಿಸುತ್ತದೆ. ಇವೆಲ್ಲ ನಿಮ್ಮ "ಉತ್ಪನ್ನ" ಆಗಿಬಿಡುತ್ತವೆ.

ಪರೀಕ್ಷೆ ಸುಲಭ. ಸಿಓಟು ಬದಲು ಆರ್ಗಾನ್ ಬಿಟ್ಟು ಅದೇ ಎಲೆಕ್ಟ್ರೋಡ್, ಅದೇ ವೋಲ್ಟ್, ಅದೇ ಹೊತ್ತು ನಡೆಸಿ. ಆಗಲೂ ಎಥನಾಲ್ ಬಂದರೆ ಅದು ಸಿಓಟುವಿನದಲ್ಲ. ಪ್ರಕಟಿಸುವ ಮುಂಚೆ ಕಾರ್ಬನ್-13 ಇರುವ ಸಿಓಟುವಿನಿಂದ ಒಂದು ಸಲ ನಡೆಸಿ ಎನ್‌ಎಂಆರ್‌ನಲ್ಲಿ ಪೀಕ್ ಒಡೆಯುವುದನ್ನು ನೋಡಿ. ಆ ಗ್ಯಾಸು ದುಬಾರಿ, ಹಾಗಾಗಿ ಕೊನೆಗೆ.

ಫ್ಲೋ ಸೆಲ್: ಉಪ್ಪು ಮತ್ತು ಪ್ರವಾಹ

ಮೇಲೆ ಹೇಳಿದ ಎರಡು ಕೋಣೆಯ, ಎಚ್ ಆಕಾರದ ಸೆಲ್ಲಿನಲ್ಲಿ ಕರಗಿದ ಸಿಓಟು ಮಾತ್ರ ಕೆಲಸಕ್ಕೆ ಬರುತ್ತದೆ. ಸಮುದ್ರ ಮಟ್ಟದಲ್ಲಿ, 25 ಡಿಗ್ರಿಯಲ್ಲಿ ಅದು ಲೀಟರಿಗೆ 33 ಮಿಲಿಮೋಲ್ ಆಸುಪಾಸು, ನಮ್ಮಲ್ಲಿ 30. ಹಾಗಾಗಿ ಚದರ ಸೆಂಟಿಮೀಟರಿಗೆ ಕೆಲವು ಹತ್ತು ಮಿಲಿಆಂಪಿಯರಿಗಿಂತ ಮೇಲೆ ಹೋಗಲಾಗದು. ಇಂಧನ ಅಂತ ಹೇಳಿಕೊಳ್ಳುವಷ್ಟು ಬೇಕಾದರೆ ಗ್ಯಾಸನ್ನು ಎಲೆಕ್ಟ್ರೋಡಿನ ಬೆನ್ನಿಂದಲೇ ಕೊಡುವ ಫ್ಲೋ ಸೆಲ್ ಬೇಕು.

ಇಲ್ಲಿ ಮಾಮೂಲಿ ದೂರು: ಗಂಟೆಗಟ್ಟಲೆ ಚೆನ್ನಾಗಿ ಓಡಿ, ಆಮೇಲೆ ಗ್ಯಾಸ್ ಹರಿವು ತೊಡರಿ, ಹೈಡ್ರೋಜನ್ ಏರುತ್ತದೆ. ಬಿಚ್ಚಿದರೆ ಗ್ಯಾಸ್ ಕಾಲುವೆಯಲ್ಲಿ ಬಿಳಿ ಪದರ, ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಕಟ್ಟುವ ಹಾಗೆ. ಅದು ಪೊಟ್ಯಾಸಿಯಂ ಕಾರ್ಬನೇಟ್, ಬೈಕಾರ್ಬನೇಟ್. ಕ್ಯಾಥೋಡಿನಲ್ಲಿ ಹುಟ್ಟುವ ಕ್ಷಾರ ಸಿಓಟುವನ್ನೇ ನುಂಗಿ ಉಪ್ಪಾಗುತ್ತದೆ. ಒಂದು ಮಾನಾಕ್ಸೈಡ್ ಮಾಡುವಾಗ ಎರಡು ಹೈಡ್ರಾಕ್ಸೈಡ್ ಹುಟ್ಟುತ್ತವೆ, ಅವು ಇನ್ನೊಂದು ಸಿಓಟುವನ್ನು ಕಾರ್ಬನೇಟ್ ಮಾಡುತ್ತವೆ. ಅಂದರೆ ಅರ್ಧ ಗ್ಯಾಸ್ ಹೋಯ್ತು. ಎಥಿಲೀನಿನಲ್ಲಿ ಇನ್ನೂ ದುಬಾರಿ, ನಾಲ್ಕರಲ್ಲಿ ಮೂರು ಪಾಲು ಕಾರ್ಬನೇಟಿಗೆ. ಇದು ಕ್ಯಾಟಲಿಸ್ಟ್ ಎಷ್ಟೇ ಒಳ್ಳೆಯದಿದ್ದರೂ ತಪ್ಪದ ಲೆಕ್ಕ.

ಇದೇ ಕಾರಣಕ್ಕೆ ಹೊರಬರುವ ಗ್ಯಾಸ್ ಒಳಗೆ ಬಿಟ್ಟದ್ದಕ್ಕಿಂತ ಕಡಿಮೆ ಇರುತ್ತದೆ. ಒಳಹರಿವಿನಿಂದ ಲೆಕ್ಕ ಹಾಕಿದರೆ ದಕ್ಷತೆ ಸುಳ್ಳೇ ಉಬ್ಬುತ್ತದೆ. ಹೊರಹರಿವನ್ನೇ ಅಳೆಯಿರಿ.

ಉಪ್ಪಿಗೆ ಪರಿಹಾರ: ದ್ರಾವಣ ತೆಳ್ಳಗೆ ಮಾಡಿ, ಆಗಾಗ ಗ್ಯಾಸ್ ಕಾಲುವೆಗೆ ಶುದ್ಧ ನೀರು ಹಾಯಿಸಿ, ಇಲ್ಲವೇ ಪೊಟ್ಯಾಸಿಯಂ ಬದಲು ಸೀಸಿಯಂ ಉಪ್ಪು ಬಳಸಿ. ಅದು ನೀರಿನಲ್ಲಿ ಜಾಸ್ತಿ ಕರಗುತ್ತದೆ, ಜೇಬಿಗೂ ಜಾಸ್ತಿ ಭಾರ. ಗ್ಯಾಸ್ ಹೊರದಾರಿಯಲ್ಲಿ ನೀರಿನ ಹನಿ ಕಂಡರೆ ಎಲೆಕ್ಟ್ರೋಡ್ ನೆನೆದಿದೆ ಅಂತ ಅರ್ಥ. ಕ್ಯಾಟಲಿಸ್ಟಿನ ಕೆಳಗೆ ಇರುವ ಕಾರ್ಬನ್ ಪೇಪರ್ ನೆಗೆಟಿವ್ ವೋಲ್ಟಿನಲ್ಲಿ ನೀರು ತಳ್ಳುವ ಗುಣ ಕಳೆದುಕೊಳ್ಳುತ್ತದೆ. 2018ರಲ್ಲಿ ತಾಮ್ರವನ್ನು ಪಿಟಿಎಫ್‌ಇ (ಟೆಫ್ಲಾನ್) ಹಾಳೆಯ ಮೇಲೆ ಕೂರಿಸಿದವರು ಗಾಢ ಕ್ಷಾರದಲ್ಲಿ ಶೇ. 70 ಎಥಿಲೀನನ್ನು 150 ಗಂಟೆ ನಡೆಸಿ ತೋರಿಸಿದ್ದಾರೆ. ಅಲ್ಲಿ ಬದಲಾಗಿದ್ದು ತಾಮ್ರಕ್ಕಿಂತ ಅದರ ಕೆಳಗಿನ ಹಾಸಿಗೆ.

ನಡುವೆ ಕರೆಂಟ್ ಹೋದರೆ ಆ ಓಟವನ್ನು ಅಲ್ಲಿಗೇ ಮುಗಿಸಿ. ವೋಲ್ಟ್ ಇಲ್ಲದ ತಾಮ್ರ ಮತ್ತೆ ಆಕ್ಸೈಡ್ ಆಗುತ್ತದೆ. ಕರೆಂಟ್ ಬಂದ ಮೇಲೆ ಸಿಗುವುದು ಬೇರೆಯದೇ ಮೇಲ್ಮೈ, ಎರಡನ್ನೂ ಒಂದೇ ಗ್ರಾಫಿಗೆ ಜೋಡಿಸಬೇಡಿ.

ಈಗ ಕ್ಯಾಟಲಿಸ್ಟ್

ಬೆಳ್ಳಿ ಪರೀಕ್ಷೆ ಪಾಸಾಗಿದೆ, ದ್ರಾವಣ ಶುದ್ಧ, ಲೆಕ್ಕ ಕೂಡುತ್ತಿದೆ, ಆದರೂ ಹೈಡ್ರೋಜನ್ ಜಾಸ್ತಿ. ಆಗ ಎರಡು ಪ್ರಶ್ನೆ ಕೇಳಿ. ಕಲಕುವ ವೇಗ ಹೆಚ್ಚಿಸಿದರೆ ಹೈಡ್ರೋಜನ್ ಪಾಲು ಇಳಿಯುತ್ತದಾ? ಕ್ಯಾಟಲಿಸ್ಟ್ ಪದರ ಅರ್ಧ ಮಾಡಿದರೆ ಇಳಿಯುತ್ತದಾ? ಯಾವುದಕ್ಕಾದರೂ ಹೌದು ಅಂದರೆ ಒಳಪದರಕ್ಕೆ ಸಿಓಟು ಮುಟ್ಟುತ್ತಿಲ್ಲ. ರಸಾಯನ ಸರಿ ಇದೆ, ಪದರ ದಪ್ಪವಾಗಿದೆ ಅಷ್ಟೇ.

ಎರಡಕ್ಕೂ ಇಲ್ಲ ಅಂದರೆ ವಿನ್ಯಾಸ ತಿದ್ದಬೇಕು. ಮಾನಾಕ್ಸೈಡನ್ನು ಲೋಹ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಚಿನ್ನ, ಬೆಳ್ಳಿ ಬೇಗ ಬಿಟ್ಟುಬಿಡುತ್ತವೆ, ಅದಕ್ಕೇ ಅಲ್ಲಿ ಮಾನಾಕ್ಸೈಡ್ ಸಿಗುತ್ತದೆ. ಪ್ಲಾಟಿನಂ, ನಿಕ್ಕಲ್ ಬಿಡುವುದೇ ಇಲ್ಲ. ತಾಮ್ರ ನಡುವೆ ಇದೆ, ಎರಡು ಇಂಗಾಲ ಜೋಡಿಸುವಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ತವರ, ಬಿಸ್ಮತ್ ಫಾರ್ಮೇಟ್ ಕಡೆ ಒಯ್ಯುತ್ತವೆ. ತಾಮ್ರದಲ್ಲೇ 100 ಅನ್ನುವ ಹರಳಿನ ಮುಖ ಎಥಿಲೀನಿಗೆ, 111 ಮುಖ ಮೀಥೇನಿಗೆ ಒಲವು ತೋರಿಸುತ್ತದೆ. ಕಣಗಳನ್ನು 5 ನ್ಯಾನೊಮೀಟರಿಗಿಂತ ಚಿಕ್ಕದು ಮಾಡಿದರೆ ಹೈಡ್ರೋಜನ್ ಏರುತ್ತದೆ. "ಚಿಕ್ಕದಾದಷ್ಟೂ ಒಳ್ಳೆಯದು" ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ. ಸೆಲ್ಲಿಗೆ ಹಾಕಿದ ಆಕಾರ ಸೆಲ್ಲಿನಲ್ಲಿ ಉಳಿಯುತ್ತದೆ ಅಂತ ನಂಬಬೇಡಿ. ತಾಮ್ರದ ನ್ಯಾನೊ ಘನಗಳು ಕೆಲಸ ಮಾಡುತ್ತಾ ಮೂಲೆ ಸವೆದು ಮುದ್ದೆಯಾಗುತ್ತವೆ. ಪ್ರಯೋಗದ ಮೊದಲಿನ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಎಲ್ಲರ ಬಳಿಯೂ ಇರುತ್ತದೆ, ಬೇಕಾದದ್ದು ಆಮೇಲಿನದು. ಅದೇ ತುಂಡನ್ನು ಎಕ್ಸ್‌ಪಿಎಸ್‌ಗೂ (ಮೇಲ್ಮೈಯಲ್ಲಿ ಯಾವ ಧಾತುಗಳಿವೆ ಅಂತ ತೋರಿಸುವ ಪರೀಕ್ಷೆ) ಕೊಡಿ. ಕಬ್ಬಿಣ, ಸತು, ಪ್ಲಾಟಿನಂ ಕಂಡರೆ ವಿನ್ಯಾಸ ಮುಟ್ಟಬೇಡಿ, ದ್ರಾವಣದ ಬಾಟಲಿ ಬದಲಿಸಿ.